ಏಳು ಕಿಲೋಮೀಟರ್ ದೂರದ ಗುರಿ: ಗುಂಡಿನ ದಾರಿ ತಪ್ಪಿಸುವುದು ಭೂಮಿಯಾ, ಗಾಳಿಯಾ?

ಪ್ರಶ್ನೆ: ಸರ್, ಅಮೆರಿಕದಲ್ಲಿ ಯಾರೋ ಏಳು ಕಿ.ಮೀ. ದೂರದ ಗುರಿಗೆ ರೈಫಲ್‌ನಿಂದ ಹೊಡೆದಿದ್ದಾರಂತೆ. ನಮ್ಮ ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೇ ಅಷ್ಟು ದೂರ ಇಲ್ಲ. ಇದು ನಿಜವಾ? ಪಿಯುಸಿ ಓದುವ ನನ್ನ ಅಳಿಯ ಹೇಳ್ತಾನೆ, ಗುಂಡು ಗಾಳಿಯಲ್ಲಿರುವಾಗ ಕೆಳಗೆ ಭೂಮಿ ತಿರುಗಿಬಿಡುತ್ತದೆ, ಹಾಗಾಗಿ ದೂರದ ಗುರಿ ತಪ್ಪುತ್ತದೆ ಅಂತ. ಇನ್ನೊಂದು, ನಮ್ಮ ಕರಾವಳಿಯ ಗಾಳಿ ಹಸಿ, ಭಾರ. ಇಲ್ಲಿ ಗುಂಡು ಬೇಗ ನಿಧಾನ ಆಗುತ್ತದಾ? ನಮ್ಮ ಮನೆಯಲ್ಲಿ ಬೆಳೆ ಕಾಯಲು ಲೈಸೆನ್ಸ್ ಕೋವಿ ಇದೆ. ಅದರ ಈಡು ತೋಟದ ಆಚೆ ಬದಿ ಮುಟ್ಟುವುದೇ ಕಷ್ಟ. ಅದಕ್ಕೇ ಈ ಕುತೂಹಲ.
– ಬ್ರಹ್ಮಾವರದ ಓದುಗರೊಬ್ಬರು

ಉತ್ತರ: ನಿಜ. 2022ರ ಸೆಪ್ಟೆಂಬರಿನಲ್ಲಿ ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ಒಂದು ತಂಡ 4.4 ಮೈಲಿ, ಅಂದರೆ 7 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ ದೂರದ ಗುರಿಗೆ ಹೊಡೆಯಿತು. ಬಳಸಿದ್ದು .416 ಬ್ಯಾರೆಟ್ ಎಂಬ ದೊಡ್ಡ ತೋಟೆ. ಗುಂಡು ನಳಿಗೆ ಬಿಟ್ಟು ಗುರಿ ಮುಟ್ಟಲು 24.5 ಸೆಕೆಂಡ್ ತೆಗೆದುಕೊಂಡಿತು. ಸುದ್ದಿಯಲ್ಲಿ ಸಾಮಾನ್ಯವಾಗಿ ಸಣ್ಣ ಅಕ್ಷರದಲ್ಲಿ ಬರುವ ಮಾತೊಂದಿದೆ: ಗುರಿಗೆ ತಾಗಿದ್ದು 69ನೆಯ ಈಡು. ಈ 7, 24.5, 69 ಎಂಬ ಮೂರು ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಿ. ನಿಮ್ಮ ಪ್ರಶ್ನೆಗೆ ಬೇಕಾದ ಫಿಸಿಕ್ಸ್ ಹೆಚ್ಚುಕಡಿಮೆ ಎಲ್ಲ ಇದರಲ್ಲೇ ಇದೆ.

ನಿಮ್ಮ ಅಳಿಯ ಹೇಳಿದ್ದು ಅರ್ಧ ಸರಿ. ಭೂಮಿ ತಿರುಗುವುದು ಗುಂಡಿಗೆ ಲೆಕ್ಕಕ್ಕೆ ಬರುತ್ತದೆ. ಆದರೆ ಅವನು ಹೇಳಿದ ರೀತಿಯಲ್ಲಿ ಅಲ್ಲ. ಅದಕ್ಕಿಂತ ಮುಖ್ಯವಾಗಿ, ಗುರಿ ತಪ್ಪುವುದು ಅದರಿಂದ ಅಲ್ಲವೇ ಅಲ್ಲ. ಭೂಮಿಯ ತಿರುಗಾಟವನ್ನು ಮೊದಲೇ ಕರಾರುವಾಕ್ಕಾಗಿ ಲೆಕ್ಕ ಹಾಕಬಹುದು. ಗಾಳಿಯನ್ನು ಹಾಗೆ ಲೆಕ್ಕ ಹಾಕಲು ಆಗುವುದಿಲ್ಲ. ದೂರದ ಗುರಿಯ ಆಟದಲ್ಲಿ ಸೋಲಿಸುವುದು ಅದೇ.

ಮೊದಲು ನಿಮ್ಮ ಮನೆಯ ಕೋವಿಯ ವಿಷಯ ಮುಗಿಸುತ್ತೇನೆ. ಬೆಳೆ ಕಾಯಲು ನಮ್ಮ ಕಡೆ ಇರುವ ಕೋವಿಗಳ ನಳಿಗೆ ಒಳಗೆ ನುಣುಪು. ತೋಟೆಯಲ್ಲಿ ಇರುವುದು ಸಣ್ಣ ಸೀಸದ ಗುಂಡುಗಳ ಗೊಂಚಲು. ಗುಂಡು ಸಣ್ಣದಾದಷ್ಟೂ ಗಾಳಿ ಅದನ್ನು ಬೇಗ ತಡೆಯುತ್ತದೆ. ಅಗಲ ಅರ್ಧ ಆದರೆ ಗಾಳಿ ಒತ್ತುವ ಜಾಗ ಕಾಲು ಭಾಗಕ್ಕೆ ಇಳಿಯುತ್ತದೆ, ಆದರೆ ತೂಕ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ತೂಕಕ್ಕೆ ಹೋಲಿಸಿದರೆ ತಡೆ ದುಪ್ಪಟ್ಟು ಆಯಿತು ಅಲ್ವಾ? ಸಾಲದ್ದಕ್ಕೆ ಆಕಾರ ಉರುಟು. ರೈಫಲ್ ಗುಂಡು ಇದಕ್ಕೆ ಪೂರ್ತಿ ಉಲ್ಟಾ. ಅದು ಉದ್ದ, ಚೂಪು, ಅಗಲಕ್ಕೆ ಹೋಲಿಸಿದರೆ ಭಾರ, ಮತ್ತು ತಿರುಗುತ್ತಾ ಹೋಗುತ್ತದೆ.

ಈಗ ನೆಲದ ಸೆಳೆತ. ಗುಂಡು ನೇರ ಹೋಗುತ್ತದೆ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ನಳಿಗೆಯಿಂದ ಹೊರಬಿದ್ದ ಕ್ಷಣದಿಂದಲೇ ಅದು ಬೀಳಲು ಶುರು ಮಾಡುತ್ತದೆ, ಕೈಯಿಂದ ಬಿಟ್ಟ ಕಲ್ಲು ಬೀಳುವ ಹಾಗೆಯೇ. ಮೊದಲ ಸೆಕೆಂಡಿನಲ್ಲಿ ಸುಮಾರು 4.9 ಮೀಟರ್. ಸಮಯ ದುಪ್ಪಟ್ಟಾದರೆ ಬೀಳುವುದು ನಾಲ್ಕು ಪಟ್ಟು. ಅದಕ್ಕೇ ನಳಿಗೆಯನ್ನು ಗುರಿಗಿಂತ ಮೇಲಕ್ಕೆ ಎತ್ತಿ ಹೊಡೆಯಬೇಕು.

ಲೆಕ್ಕಕ್ಕೆ ಒಂದು ಸಾಧಾರಣ ರೈಫಲ್ ತೆಗೆದುಕೊಳ್ಳೋಣ. .308 ವಿಂಚೆಸ್ಟರ್ ಎಂಬ ತೋಟೆ, 11.3 ಗ್ರಾಂ ಗುಂಡು, ಸೆಕೆಂಡಿಗೆ 790 ಮೀಟರ್ ವೇಗ. ಇದನ್ನು 100 ಗಜಕ್ಕೆ ಸರಿಯಾಗಿ ಗುರಿ ಕೂರಿಸಿ, 1,000 ಗಜ, ಅಂದರೆ 914 ಮೀಟರ್ ದೂರಕ್ಕೆ ಹಾಗೆಯೇ ಹೊಡೆದರೆ ಗುಂಡು ಸುಮಾರು 10 ಮೀಟರ್ ಕೆಳಗೆ ಬೀಳುತ್ತದೆ. ಮೂರು ಮಾಳಿಗೆಯಷ್ಟು. ಕೇಳಲು ದೊಡ್ಡದು, ಆದರೆ ಇದು ಸುಲಭದ ಭಾಗ. ಗುರುತ್ವ ಮಂಗಳವಾರ ಒಂದು, ಬುಧವಾರ ಇನ್ನೊಂದು ಇರುವುದಿಲ್ಲ. ದೂರ ಗೊತ್ತಿದ್ದರೆ ರೈಫಲ್ ಮೇಲೆ ಕೂರಿಸಿದ ದುರ್ಬೀನಿನ ತಿರುಪು ಎಷ್ಟು ತಿರುಗಿಸಬೇಕು ಎಂದು ಕೋಷ್ಟಕ ನೋಡಿ ತಿರುಗಿಸಿದರೆ ಆಯಿತು.

ಗಾಳಿಯ ತಡೆ ಹಾಗಲ್ಲ. ಗೆಲಿಲಿಯೋ ಕಾಲದಿಂದ ಸುಮಾರು ನೂರು ವರ್ಷ, ಗುಂಡಿನ ದಾರಿ ಸರಿಯಾದ ಪ್ಯಾರಾಬೋಲಾ (ಏರಿದ ಹಾಗೆಯೇ ಇಳಿಯುವ ಬಾಗಿದ ಗೆರೆ), ಗಾಳಿ ಅಷ್ಟೇನೂ ಲೆಕ್ಕಕ್ಕಿಲ್ಲ ಎಂದು ಬಲ್ಲವರೂ ನಂಬಿದ್ದರು. ಅದನ್ನು ಮುರಿದವನು ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ. ತೂಗುಹಾಕಿದ ಮರದ ದಿಮ್ಮಿಗೆ ಗುಂಡು ಹೊಡೆದು, ದಿಮ್ಮಿ ಎಷ್ಟು ಹಿಂದಕ್ಕೆ ತೂಗಿತು ಎಂದು ಅಳೆದು, ಅದರಿಂದ ಗುಂಡಿನ ವೇಗ ಕಂಡುಹಿಡಿದ. ಹತ್ತಿರದಲ್ಲಿ ಒಮ್ಮೆ, ದೂರದಲ್ಲಿ ಒಮ್ಮೆ ಅಳೆದಾಗ ಗಾಳಿ ಎಷ್ಟು ವೇಗ ತಿಂದಿದೆ ಎಂದು ಗೊತ್ತಾಯಿತು. 1742ರಲ್ಲಿ ಇದನ್ನೆಲ್ಲ ಪ್ರಕಟಿಸಿದ. ಮೂರೇ ವರ್ಷದಲ್ಲಿ ಆಯ್ಲರ್‌ನಂಥ ಗಣಿತಜ್ಞ ಅದನ್ನು ಜರ್ಮನ್‌ಗೆ ತಂದು ಟಿಪ್ಪಣಿ ಬರೆದ. ಈ ರಾಬಿನ್ಸ್ ಕೊನೆಗೆ ನಮ್ಮ ದೇಶಕ್ಕೇ ಬಂದ. ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಸರಿಪಡಿಸುವ ಕೆಲಸಕ್ಕೆ. 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ಗುಂಡಿನ ವಿಜ್ಞಾನದ ಮೂಲಪುರುಷ ಹೀಗೆ ಕೋರಮಂಡಲ ತೀರದಲ್ಲಿ ಮಣ್ಣಾದ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ತಡೆ ಎಷ್ಟು ದೊಡ್ಡದು ಎಂದು ನಮ್ಮ .308 ಗುಂಡಿನಲ್ಲೇ ನೋಡೋಣ. ಅದರ ತೂಕ ಸುಮಾರು 0.11 ನ್ಯೂಟನ್. ನಳಿಗೆ ಬಿಟ್ಟ ತಕ್ಷಣ ಅದನ್ನು ಹಿಂದಕ್ಕೆ ಒತ್ತುವ ಗಾಳಿಯ ಬಲ ಸುಮಾರು 5.5 ನ್ಯೂಟನ್. ಅಂದರೆ ಕೆಳಗೆ ಎಳೆಯುವ ಗುರುತ್ವಕ್ಕಿಂತ ಹಿಂದಕ್ಕೆ ತಳ್ಳುವ ಗಾಳಿ ಐವತ್ತು ಪಟ್ಟು ದೊಡ್ಡದು. ಗಾಳಿಯೇ ಇಲ್ಲದಿದ್ದರೆ ಈ ಗುಂಡನ್ನು ಉಡುಪಿಯಲ್ಲಿ 45 ಡಿಗ್ರಿಗೆ ಎತ್ತಿ ತೆಂಕಕ್ಕೆ ಹಾರಿಸಿದರೆ ಮಂಗಳೂರು ದಾಟಿ ಉಳ್ಳಾಲದ ಆಚೆ ಬೀಳುತ್ತಿತ್ತು, 60 ಕಿ.ಮೀ.ಗೂ ದೂರ. ಗಾಳಿ ಇರುವ ನಮ್ಮ ಲೋಕದಲ್ಲಿ ಅದು ನಾಲ್ಕೈದು ಕಿ.ಮೀ.ಗೆ ಮುಗಿಯುತ್ತದೆ.

ಈಗ ವಯೋಮಿಂಗ್ ಗುಂಡಿನ ಸರಾಸರಿ ವೇಗ ಹಾಕಿ. 7,000 ಮೀಟರನ್ನು 24.5ರಿಂದ ಭಾಗಿಸಿದರೆ ಸೆಕೆಂಡಿಗೆ 290 ಮೀಟರಿಗಿಂತ ಕಡಿಮೆ. ಹೊರಟಾಗ ಅದರ ವೇಗ 1,000 ಮೀಟರ್ ಆಸುಪಾಸು ಇತ್ತು. ಶಬ್ದದ ವೇಗವೇ 340 ಮೀಟರ್. ಸರಾಸರಿಯೇ ಶಬ್ದಕ್ಕಿಂತ ಕಡಿಮೆ ಎಂದರೆ, ದಾರಿಯ ಬಹುಭಾಗ ಅದು ಹೊರಟ ಗುಂಡಿನ ನೆರಳು ಮಾತ್ರ.

ನಿಮ್ಮ ಹಸಿ ಗಾಳಿಯ ಪ್ರಶ್ನೆ ಇಲ್ಲಿಗೆ ಬರುತ್ತದೆ. ಇದರ ಉತ್ತರ ಕೇಳಿದರೆ ಕರಾವಳಿಯವರು ನಂಬುವುದಿಲ್ಲ. ಮೇ ತಿಂಗಳ ಸೆಕೆಯಲ್ಲಿ ಬೆವರು ಆರದೆ ಕೂತಾಗ ಗಾಳಿ ಭಾರ ಅನಿಸುತ್ತದೆ, ನಿಜ. ಆದರೆ ತೂಕ ಮಾಡಿದರೆ ಹಸಿ ಗಾಳಿ ಒಣ ಗಾಳಿಗಿಂತ ಹಗುರ. ನೀರಿನ ಅಣುವಿನ ತೂಕ 18. ಗಾಳಿಯಲ್ಲಿರುವ ನೈಟ್ರೋಜನ್, ಆಕ್ಸಿಜನ್ ಸರಾಸರಿ 29. ಒಂದೇ ಒತ್ತಡದಲ್ಲಿ ನೀರಾವಿ ಒಳಗೆ ಬಂದರೆ ಅಷ್ಟು ಭಾರದ ಅಣುಗಳು ಜಾಗ ಬಿಡಬೇಕು. ಮಂಗಳೂರಿನ 30 ಡಿಗ್ರಿ ಸೆಕೆಯಲ್ಲಿ, ತೇವಾಂಶ ನೂರಕ್ಕೆ ಎಂಬತ್ತು ಇದ್ದರೂ, ಇದರಿಂದ ಆಗುವ ವ್ಯತ್ಯಾಸ ನೂರಕ್ಕೆ ಒಂದು ಚಿಲ್ಲರೆ ಮಾತ್ರ. ಅದೂ ಗುಂಡಿಗೆ ಅನುಕೂಲವಾಗುವ ಕಡೆಗೆ. ಬಿಸಿಯಿಂದ ಇನ್ನೂ ಸ್ವಲ್ಪ ಹಗುರ ಆಗುತ್ತದೆ. ಲೆಕ್ಕಕ್ಕೆ ಇಟ್ಟುಕೊಳ್ಳುವ 15 ಡಿಗ್ರಿಯ ಪ್ರಮಾಣ ಗಾಳಿ ಘನ ಮೀಟರಿಗೆ 1.225 ಕಿಲೋ ಇದ್ದರೆ, ನಮ್ಮ ಬೇಸಿಗೆಯ ಗಾಳಿ 1.15 ಆಸುಪಾಸು.

ಹಾಗಾದರೆ ಕರಾವಳಿ ದೂರದ ಗುರಿಗೆ ಒಳ್ಳೆಯ ಜಾಗವಾ? ಅಲ್ಲ. ಎತ್ತರದ ಮುಂದೆ ಇದೆಲ್ಲ ಪುಡಿಗಾಸು. ಕುದುರೆಮುಖದ ತುದಿ ಸುಮಾರು 1,890 ಮೀಟರ್. ಅಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಆರನೇ ಒಂದು ಭಾಗದಷ್ಟು ತೆಳು. ವಯೋಮಿಂಗ್ ರಾಜ್ಯದ ಸರಾಸರಿ ಎತ್ತರವೇ 2,000 ಮೀಟರ್ ಆಸುಪಾಸು, ಅಂದರೆ ಇಡೀ ರಾಜ್ಯ ನಮ್ಮ ಕುದುರೆಮುಖದ ತಲೆಯ ಮೇಲೆ ಕೂತ ಹಾಗೆ. ಇಂಥ ಪ್ರಯತ್ನಗಳಿಗೆ ಜನ ಎತ್ತರದ ಒಣ ಬಯಲು ಹುಡುಕುವುದು ಸುಮ್ನೆ ಅಲ್ಲ.

ತಡೆಯ ಕಥೆಯಲ್ಲಿ ಒಂದು ಕೆಟ್ಟ ತಿರುವು ಶಬ್ದದ ವೇಗದ ಹತ್ತಿರ ಬರುತ್ತದೆ. ಶಬ್ದಕ್ಕಿಂತ ವೇಗವಾಗಿ ಹೋಗುವ ಗುಂಡಿನ ಮೂತಿಯಿಂದ ಆಘಾತ ಅಲೆ ಹೊರಡುತ್ತದೆ. ಅದನ್ನು ಎರ್ನ್ಸ್ಟ್ ಮಾಕ್ ಮತ್ತು ಸಾಲ್ಚರ್ ಎಂಬ ವಿಜ್ಞಾನಿಗಳು 1880ರ ದಶಕದಲ್ಲೇ ಫೋಟೋದಲ್ಲಿ ಹಿಡಿದರು. ಗುಂಡು ನಿಧಾನವಾಗಿ ಶಬ್ದದ ವೇಗಕ್ಕೆ ಇಳಿಯುವಾಗ ಈ ಅಲೆಗಳು ಅದರ ಮೈಮೇಲೆ ಹಿಂದೆ ಮುಂದೆ ಸರಿಯುತ್ತವೆ. ಗಾಳಿ ಒತ್ತುವ ಬಿಂದು ಬದಲಾಗುತ್ತದೆ. ಅಲ್ಲಿಯವರೆಗೆ ಸರಿಯಾಗಿ ಹೋಗುತ್ತಿದ್ದ ಗುಂಡು ತೊನೆಯಲು ಶುರು ಮಾಡಬಹುದು, ಕೆಲವು ಮಾದರಿ ಗುಂಡುಗಳು ಪೂರ್ತಿ ಹತೋಟಿ ಕಳೆದುಕೊಳ್ಳುತ್ತವೆ. ನಮ್ಮ .308ಗೆ ಈ ಗಂಡಾಂತರ 900–1,000 ಮೀಟರ್ ಹತ್ತಿರ ಬರುತ್ತದೆ. ಅದಕ್ಕೇ ಅದನ್ನು ಸಾವಿರ ಗಜದ ತೋಟೆ ಅನ್ನುವುದು. ಎನ್‌ಸಿಸಿಯಲ್ಲಿ .22 ರೈಫಲ್ ಹಿಡಿದವರಿಗೆ ಒಂದು ಕುತೂಹಲದ ಸಂಗತಿ: ಸ್ಪರ್ಧೆಯ .22 ತೋಟೆಗಳನ್ನು ಬೇಕೆಂದೇ ಶಬ್ದಕ್ಕಿಂತ ತುಸು ಕಡಿಮೆ ವೇಗಕ್ಕೆ ಮಾಡುತ್ತಾರೆ. ಗಡಿ ದಾಟುವ ಗೋಜೇ ಬೇಡ ಅಂತ.

ಈ ಶಬ್ದದ ಗಡಿಯಲ್ಲಿ ಗುಂಡನ್ನು ಕಾಪಾಡುವುದು ಅದರ ಸ್ವಂತ ತಿರುಗಾಟ. ರೈಫಲ್ ನಳಿಗೆಯ ಒಳಗೆ ಸುರುಳಿ ಗೆರೆಗಳಿರುತ್ತವೆ. ಹತ್ತು ಇಂಚಿಗೆ ಒಂದು ಸುತ್ತು ಎಂದು ಇಟ್ಟುಕೊಂಡರೆ, 790 ಮೀಟರ್ ವೇಗದ ಗುಂಡು ಹೊರಬೀಳುವಾಗ ಸೆಕೆಂಡಿಗೆ ಸುಮಾರು 3,100 ಸುತ್ತು ತಿರುಗುತ್ತಿರುತ್ತದೆ. ತಿರುಗುವ ಬುಗುರಿಯನ್ನು ಪಕ್ಕಕ್ಕೆ ತಳ್ಳಿದರೆ ಅದು ತಳ್ಳಿದ ದಿಕ್ಕಿಗೆ ಬೀಳದೆ ಅಡ್ಡ ದಿಕ್ಕಿಗೆ ವಾಲುತ್ತದೆ, ನೋಡಿದ್ದೀರಲ್ಲ. ಗುಂಡಿಗೂ ಅದೇ. ದಾರಿ ಕೆಳಕ್ಕೆ ಬಾಗುತ್ತಾ ಹೋದಂತೆ ಗಾಳಿ ಮೂತಿಯನ್ನು ಮೇಲೆ ಒತ್ತುತ್ತದೆ, ಮೂತಿ ಮಾತ್ರ ಬಲಕ್ಕೆ ಒಂದು ಕೂದಲೆಳೆಯಷ್ಟು ಸರಿದು ನಿಲ್ಲುತ್ತದೆ. ಬಲಕ್ಕೆ ಸುತ್ತುವ ನಳಿಗೆಯ ಗುಂಡು ಹೀಗೆ ಗಾಳಿ ಬೀಸದ ದಿನವೂ ಸಾವಿರ ಗಜದಲ್ಲಿ ಇಪ್ಪತ್ತು ಸೆಂ.ಮೀ. ಚಿಲ್ಲರೆ ಬಲಕ್ಕೆ ಹೋಗುತ್ತದೆ.

ಇನ್ನು ಅಳಿಯನ ಭೂಮಿ. ಅವನ ಮಾತು ಹಾಗೆಯೇ ಸರಿಯಾಗಿದ್ದರೆ ಏನಾಗಬೇಕಿತ್ತು ನೋಡಿ. ನಮ್ಮ ಉಡುಪಿ ಇರುವುದು ಸುಮಾರು 13.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿಯ ನೆಲ ಸೆಕೆಂಡಿಗೆ ಸುಮಾರು 450 ಮೀಟರ್ ವೇಗದಲ್ಲಿ ಮೂಡಣಕ್ಕೆ ಓಡುತ್ತಿದೆ. 24.5 ಸೆಕೆಂಡಿನಲ್ಲಿ 11 ಕಿ.ಮೀ. ಅಂದರೆ ಗುಂಡು ಗಾಳಿಯಲ್ಲಿರುವಾಗ ಮಲ್ಪೆ ಹೋಗಿ ಮಣಿಪಾಲ ಇದ್ದ ಜಾಗದಲ್ಲಿ ನಿಂತಿರಬೇಕು. ಹಾಗೆ ಆಗುವುದಿಲ್ಲ. ಯಾಕೆಂದರೆ ರೈಫಲ್, ಗುಂಡು, ಹೊಡೆಯುವವನು, ಸುತ್ತಲಿನ ಗಾಳಿ ಎಲ್ಲವೂ ಮೊದಲಿನಿಂದಲೇ ಅದೇ 450 ಮೀಟರ್ ವೇಗದಲ್ಲಿ ಓಡುತ್ತಿವೆ. ನಳಿಗೆ ಬಿಟ್ಟ ಗುಂಡು ಆ ವೇಗವನ್ನು ಬಿಟ್ಟು ಹೋಗುವುದಿಲ್ಲ.

ಉಳಿಯುವುದು ಸಣ್ಣ ವ್ಯತ್ಯಾಸ. ಅದಕ್ಕೆ ಎರಡು ಮುಖ ಇದೆ. ಒಂದು, ಅಡ್ಡ ಸರಿಯುವುದು. 1835ರಲ್ಲಿ ಫ್ರಾನ್ಸಿನ ಕೋರಿಯೋಲಿಸ್ ಇದರ ಗಣಿತ ಕೊಟ್ಟ. ಉತ್ತರಾರ್ಧ ಗೋಳದಲ್ಲಿ ಯಾವ ದಿಕ್ಕಿಗೆ ಹೊಡೆದರೂ ಗುಂಡು ಬಲಕ್ಕೆ ಸರಿಯುತ್ತದೆ. ಎಷ್ಟು ಎಂಬುದು ಅಕ್ಷಾಂಶದ ಸೈನ್ ಮೇಲೆ ನಿಂತಿದೆ. ಧ್ರುವದಲ್ಲಿ ಪೂರ್ತಿ, ಸಮಭಾಜಕದಲ್ಲಿ ಸೊನ್ನೆ. ನಾವು ಸಮಭಾಜಕಕ್ಕೆ ಹತ್ತಿರ. 13.3 ಡಿಗ್ರಿಯ ಸೈನ್ 0.23 ಮಾತ್ರ. ಹಾಗಾಗಿ ಸಾವಿರ ಗಜದ .308 ಗುಂಡು ಉಡುಪಿಯಲ್ಲಿ ಬಲಕ್ಕೆ ಸರಿಯುವುದು ಎರಡೂವರೆ ಸೆಂ.ಮೀ. ವಯೋಮಿಂಗ್‌ನ ಏಳು ಕಿ.ಮೀ. ಗುಂಡಿಗೆ ಇದು ಸುಮಾರು 9 ಮೀಟರ್. ಅದೇ ಗುಂಡನ್ನು ಇಲ್ಲಿ ಹಾರಿಸಿದ್ದರೆ 3 ಮೀಟರ್.

ಎರಡನೆಯ ಮುಖದ ಬಗ್ಗೆ ಜನ ಮಾತಾಡುವುದು ಕಡಿಮೆ, ನಮಗೆ ಬೇಕಾದ್ದು ಮಾತ್ರ ಅದೇ. ಮೂಡಣಕ್ಕೆ ಹೊಡೆದ ಗುಂಡಿನ ವೇಗ ಭೂಮಿಯ ವೇಗದ ಜೊತೆ ಕೂಡುತ್ತದೆ, ಹಾಗಾಗಿ ಅದು ಒಂದಿಷ್ಟು ಹಗುರಾಗಿ ಕಡಿಮೆ ಬೀಳುತ್ತದೆ. ಪಡುವಣಕ್ಕೆ ಹೊಡೆದದ್ದು ಭೂಮಿಯ ವೇಗದಿಂದ ಕಳೆದುಹೋಗುತ್ತದೆ, ಹಾಗಾಗಿ ಒಂದಿಷ್ಟು ಭಾರವಾಗಿ ಹೆಚ್ಚು ಬೀಳುತ್ತದೆ. ಹಂಗೇರಿಯ ಎಟ್ವೆಶ್ ಎಂಬ ವಿಜ್ಞಾನಿ ಇದನ್ನು ಗುರುತಿಸಿದ್ದು ಹಡಗಿನ ಮೇಲೆ ಮಾಡಿದ ಗುರುತ್ವದ ಅಳತೆಗಳಿಂದ. ಮೂಡಣಕ್ಕೆ ಹೋಗುವ ಹಡಗಿನಲ್ಲಿ ಒಂದು ಲೆಕ್ಕ, ಪಡುವಣಕ್ಕೆ ಹೋಗುವ ಹಡಗಿನಲ್ಲಿ ಇನ್ನೊಂದು. ಈ ಪರಿಣಾಮ ಅಕ್ಷಾಂಶದ ಕೊಸೈನ್ ಮೇಲೆ ನಿಂತಿದೆ. 13.3 ಡಿಗ್ರಿಗೆ ಅದು 0.97, ಅಂದರೆ ಹೆಚ್ಚುಕಡಿಮೆ ಪೂರ್ತಿ. ಹಾಗಾಗಿ ನಮ್ಮ ಊರಿನಲ್ಲಿ ಭೂಮಿಯ ತಿರುಗಾಟ ಗುಂಡನ್ನು ಪಕ್ಕಕ್ಕೆ ಸರಿಸುವುದಕ್ಕಿಂತ ನಾಲ್ಕು ಪಟ್ಟು ಜಾಸ್ತಿ ಮೇಲೆ–ಕೆಳಗೆ ಮಾಡುತ್ತದೆ. ಸಾವಿರ ಗಜಕ್ಕೆ ನೇರ ಕಡಲ ಕಡೆ ಹೊಡೆದರೆ 10 ಸೆಂ.ಮೀ. ಕೆಳಗೆ, ಘಟ್ಟದ ಕಡೆ ಹೊಡೆದರೆ 10 ಸೆಂ.ಮೀ. ಮೇಲೆ. ಏಳು ಕಿ.ಮೀ.ಗೆ ಇದು 12 ಮೀಟರ್ ಆಸುಪಾಸು ಆಗುತ್ತದೆ. ಬಡಗು ಅಥವಾ ತೆಂಕಿಗೆ ಹೊಡೆದರೆ ಏನೂ ಇಲ್ಲ. ಇಂಟರ್ನೆಟ್ಟಿನ ವೀಡಿಯೋಗಳು ಅಮೆರಿಕ, ಯೂರೋಪಿನ ಅಕ್ಷಾಂಶದಿಂದ ಬರುವುದರಿಂದ ಅಡ್ಡ ಸರಿಯುವ ಕಥೆಯೇ ಎಲ್ಲರ ಬಾಯಲ್ಲಿ.

ಆದರೆ ಗಮನಿಸಿ, ಎರಡನ್ನೂ ನಾನು ಇಲ್ಲಿ ಕೂತು ಪೆನ್ನು ಕಾಗದದಲ್ಲಿ ಹೇಳಿದೆ. ಅಕ್ಷಾಂಶ, ದಿಕ್ಕು, ದೂರ, ಸಮಯ ಗೊತ್ತಿದ್ದರೆ ಸಾಕು. ಮೊಬೈಲ್ ಆ್ಯಪ್ ಕಣ್ಣು ಮಿಟುಕಿಸುವುದರೊಳಗೆ ಹಾಕುತ್ತದೆ. ಗೊತ್ತಿರುವ ತಪ್ಪು ತಪ್ಪೇ ಅಲ್ಲ, ತಿರುಪು ತಿರುಗಿಸಿದರೆ ಹೋಯಿತು.

ಭೂಮಿ ಉರುಟಾಗಿರುವುದು ಲೆಕ್ಕಕ್ಕೆ ಬರುತ್ತದಾ ಎಂದು ಮುಂದಿನ ಪ್ರಶ್ನೆ ಬಂದೇ ಬರುತ್ತದೆ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಏಳು ಕಿ.ಮೀ.ಯಲ್ಲಿ ಭೂಮಿ ಸುಮಾರು 4 ಮೀಟರಿನಷ್ಟು ಕೆಳಕ್ಕೆ ಬಾಗುತ್ತದೆ. ಆದರೆ ಹೊಡೆಯುವವನು ಗುರಿಯನ್ನು ಕಣ್ಣಾರೆ ನೋಡಿ ಆ ಗೆರೆಯಿಂದ ಲೆಕ್ಕ ಹಾಕುತ್ತಾನೆ. ಬಾಗು ಅದರಲ್ಲೇ ಸೇರಿಹೋಗಿದೆ. ಗುರಿ ಕಾಣಿಸುತ್ತದಾ ಇಲ್ಲವಾ ಎಂಬುದಕ್ಕೆ ಮಾತ್ರ ಉರುಟು ಮುಖ್ಯ. ಮಲ್ಪೆ ಬೀಚಿನಲ್ಲಿ ನೀರಂಚಿಗೆ ಬೋರಲು ಮಲಗಿ ನೋಡಿದರೆ ದ್ವೀಪದ ಕಂಬಕಲ್ಲುಗಳ ಬುಡ ಸ್ವಲ್ಪ ನೀರಿನ ಉಬ್ಬಿನ ಹಿಂದೆ ಮರೆಯಾಗಿರುತ್ತದೆ. ದೋಣಿಯ ದಾರಿ 6 ಕಿ.ಮೀ. ಅನ್ನುತ್ತಾರೆ, ನೇರ ದಾರಿ ಅದಕ್ಕಿಂತ ಕಡಿಮೆ. ಮತ್ತೆ, ಇದನ್ನೆಲ್ಲ ಮಲ್ಪೆಯ ಹೆಸರಿನಲ್ಲಿ ಹೇಳುತ್ತಿರುವುದು ಲೆಕ್ಕಕ್ಕಾಗಿ ಮಾತ್ರ. ಕಡಲ ಮೇಲೆ ಹೊಡೆಯುವುದು ಕಾನೂನಿನಲ್ಲೂ ತಪ್ಪು, ಬುದ್ಧಿಯಲ್ಲೂ ತಪ್ಪು. ಓರೆಯಾಗಿ ಬಿದ್ದ ಗುಂಡು ನೀರಿನ ಮೇಲಿಂದ ಪುಟಿದು ಎತ್ತಲೋ ಹೋಗುತ್ತದೆ, ಮೀನಿನ ದೋಣಿಗಳಿಲ್ಲದ ಹೊತ್ತು ನಮ್ಮ ಕಡಲಲ್ಲಿ ಇಲ್ಲ.

ಈಗ ನಿಜವಾದ ಕಷ್ಟಕ್ಕೆ ಬರೋಣ: ಅಡ್ಡಗಾಳಿ. ಗಾಳಿ ಗುಂಡನ್ನು ಪಕ್ಕಕ್ಕೆ ಎಷ್ಟು ಸರಿಸುತ್ತದೆ ಎಂದು ಕೇಳಿದರೆ ಹೆಚ್ಚಿನವರು ಗಾಳಿಯ ವೇಗವನ್ನು ಪ್ರಯಾಣದ ಸಮಯಕ್ಕೆ ಗುಣಿಸುತ್ತಾರೆ. ಅದು ತಪ್ಪು. ಗುಂಡು ಗಾಳಿಯ ಜೊತೆ ತೇಲುವ ಬಲೂನು ಅಲ್ಲ. ಸರಿಯಾದ ಲೆಕ್ಕ 19ನೇ ಶತಮಾನದಿಂದ ಗೊತ್ತಿದೆ, ಮತ್ತು ತುಂಬಾ ಚೆಂದ ಇದೆ. ಗಾಳಿಯ ತಡೆಯೇ ಇಲ್ಲದಿದ್ದರೆ ಗುಂಡು ಎಷ್ಟು ಹೊತ್ತಿನಲ್ಲಿ ಮುಟ್ಟುತ್ತಿತ್ತು ಎಂದು ಮೊದಲು ನೋಡಿ. ನಿಜವಾಗಿ ಎಷ್ಟು ಹೊತ್ತು ಆಯಿತು ಎಂದು ನೋಡಿ. ಈ ಎರಡರ ವ್ಯತ್ಯಾಸ, ಅಂದರೆ ತಡವಾದ ಸಮಯ, ಅದನ್ನು ಮಾತ್ರ ಅಡ್ಡಗಾಳಿಯ ವೇಗಕ್ಕೆ ಗುಣಿಸಿ. ಗಾಳಿ ತನ್ನ ತಡೆಯ ಮೂಲಕವೇ ಗುಂಡನ್ನು ಸರಿಸುತ್ತದೆ. ತಡೆ ಇಲ್ಲದ ಗುಂಡಿಗೆ ಅಡ್ಡಗಾಳಿಯೂ ಇಲ್ಲ. ದೂರದ ಗುರಿಯವರು ಚೂಪು, ಉದ್ದ ಗುಂಡುಗಳಿಗೆ ಇಷ್ಟು ದುಡ್ಡು ಸುರಿಯುವುದು ಬರೇ ವೇಗ ಉಳಿಸಲು ಅಲ್ಲ, ಗಾಳಿಯ ಕೈಗೆ ಸಿಗದಿರಲು.

ವಯೋಮಿಂಗ್ ಗುಂಡಿಗೆ ಇದನ್ನು ಹಾಕಿ. 1,000 ಮೀಟರ್ ವೇಗದಲ್ಲಿ ತಡೆ ಇಲ್ಲದೆ ಹೋಗಿದ್ದರೆ 7 ಸೆಕೆಂಡ್. ಆದದ್ದು 24.5. ತಡ 17 ಸೆಕೆಂಡಿಗೂ ಜಾಸ್ತಿ. ಅಂದರೆ ಸೆಕೆಂಡಿಗೆ ಒಂದು ಮೀಟರ್ ಅಡ್ಡಗಾಳಿಗೆ ಗುಂಡು ಹೆಚ್ಚುಕಡಿಮೆ 17 ಮೀಟರ್ ಪಕ್ಕಕ್ಕೆ. ಒಂದು ಮೀಟರ್ ಗಾಳಿ ಅಂದರೆ ಎಲೆ ಕೂಡ ಅಲ್ಲಾಡದ ಗಾಳಿ, ಊದುಬತ್ತಿ ಹೊಗೆ ಮಾತ್ರ ಓರೆಯಾಗುತ್ತದೆ. ಎಲ್ಲರ ಬಾಯಲ್ಲಿರುವ ಕೋರಿಯೋಲಿಸ್ ಅಲ್ಲಿ ಮಾಡಿದ್ದು 9 ಮೀಟರ್, ಅದೂ ಮೊದಲೇ ಗೊತ್ತಿದ್ದದ್ದು.

ಸರಿ, ಗಾಳಿಯನ್ನೂ ಅಳೆದು ಹಾಕಬಹುದಲ್ಲ ಅನ್ನುತ್ತೀರಿ. ಎಲ್ಲಿ ಅಳೆಯುವುದು? ಹೊಡೆಯುವವನ ಕೈಯಲ್ಲಿ ಸಣ್ಣ ಫ್ಯಾನಿನ ಮಾಪಕ ಇರುತ್ತದೆ. ಅದು ಹೇಳುವುದು ಅವನ ಮೂಗಿನ ಹತ್ತಿರದ ಗಾಳಿ. ಗುಂಡು 24.5 ಸೆಕೆಂಡ್ ಮೇಲಿದ್ದರೆ ಅದು ಏರುವ ಎತ್ತರ 700 ಮೀಟರಿಗೂ ಹೆಚ್ಚು, ಆಗುಂಬೆಗಿಂತ ಎತ್ತರ. ನಳಿಗೆಯನ್ನು ಹತ್ತು ಡಿಗ್ರಿಗೂ ಜಾಸ್ತಿ ಎತ್ತಿರುವುದರಿಂದ ಮಾಮೂಲಿ ದುರ್ಬೀನಿನಲ್ಲಿ ಗುರಿಯೇ ಕಾಣುವುದಿಲ್ಲ, ಅದಕ್ಕೆ ಬೇರೆ ವ್ಯವಸ್ಥೆ ಬೇಕು. ಅಷ್ಟು ಎತ್ತರದ ಗಾಳಿ ಯಾವ ಕಡೆಗೆ, ಎಷ್ಟು? ಪಣಂಬೂರಿನ ಗಾಳಿಪಟ ಉತ್ಸವಕ್ಕೆ ಹೋದವರು ನೋಡಿರುತ್ತಾರೆ. ಕೆಳಗೆ ಗಾಳಿಯೇ ಇಲ್ಲ ಅನ್ನುವ ಹೊತ್ತಿಗೆ ಮೇಲಿನ ಪಟ ದಾರ ಕಿತ್ತುಕೊಂಡು ಹೋಗುವಷ್ಟು ಎಳೆಯುತ್ತಿರುತ್ತದೆ. ಅದು ನೂರು ಮೀಟರಿನ ಒಳಗಿನ ಮಾತು.

ನಮ್ಮ ಕರಾವಳಿಯ ಗಾಳಿಯಂತೂ ದಿನಕ್ಕೆರಡು ಸಲ ಮಗ್ಗುಲು ಬದಲಿಸುತ್ತದೆ. ಬೆಳಗಿನ ಜಾವ ನೆಲದಿಂದ ಕಡಲಿಗೆ, ಬಿಸಿಲೇರಿದ ಮೇಲೆ ಕಡಲಿಂದ ನೆಲಕ್ಕೆ. ಬದಲಾಗುವ ಹೊತ್ತಿನಲ್ಲಿ ದಡದಲ್ಲಿ ಒಂದು ದಿಕ್ಕು, ಒಂದು ಕಿ.ಮೀ. ಆಚೆ ಇನ್ನೊಂದು. ಎದುರು ಗಾಳಿ, ಹಿಂಗಾಳಿಯಿಂದ ತೊಂದರೆ ಕಡಿಮೆ, ಗುಂಡಿನ ವೇಗದ ಮುಂದೆ ಅದು ಏನೂ ಅಲ್ಲ. ಅಡ್ಡ ಬಂದರೆ ಮಾತ್ರ ಕೆಲಸ ಕೆಡುತ್ತದೆ. ಹತ್ತಿರದ ಗಾಳಿ ಹೆಚ್ಚು ಕೆಡಿಸುತ್ತದಾ, ಗುರಿಯ ಹತ್ತಿರದ್ದಾ ಎಂಬುದಕ್ಕೂ ಉತ್ತರ ಇದೆ. ಎಲ್ಲೆಡೆ ಒಂದೇ ವೇಗ ಇದ್ದರೆ, ಮೊದಲ ಭಾಗದಲ್ಲಿ ಓರೆಯಾದ ಗುಂಡು ಉಳಿದ ದಾರಿಯುದ್ದಕ್ಕೂ ಆ ಓರೆಯನ್ನು ಹೊತ್ತುಕೊಂಡು ಹೋಗುತ್ತದೆ. ಹಾಗಾಗಿ ಹತ್ತಿರದ ಗಾಳಿಯನ್ನು ಕಡೆಗಣಿಸಬಾರದು.

ಅನುಭವಿಗಳು ಬಿಸಿಲ ಝಳ ಓದುತ್ತಾರೆ. ಕಾದ ನೆಲದ ಮೇಲೆ ದುರ್ಬೀನಿನಲ್ಲಿ ಗಾಳಿ ನೀರಿನಂತೆ ಅಲುಗುವುದು ಕಾಣುತ್ತದೆ. ಅಡ್ಡಗಾಳಿ ಇಲ್ಲದಿದ್ದರೆ ಝಳ ನೇರ ಮೇಲಕ್ಕೆ, ಇದ್ದರೆ ಅದು ಹೋಗುವ ಕಡೆಗೆ ಹರಿಯುತ್ತದೆ. ಒಳ್ಳೆಯ ವಿದ್ಯೆ, ಆದರೆ ಅದೂ ನೆಲದ ಮೇಲಿನ ಗಾಳಿಯದ್ದೇ. ಜೊತೆಗೆ ಅದೇ ಝಳ ಗುರಿಯನ್ನು ಇದ್ದ ಜಾಗದಿಂದ ಸ್ವಲ್ಪ ಸರಿಸಿ ತೋರಿಸುತ್ತದೆ.

ಗಾಳಿ ಪೂರ್ತಿ ನಿಂತ ದಿನ ಸಿಕ್ಕಿತು ಅಂದುಕೊಳ್ಳಿ. ಆಗಲೂ ಎಲ್ಲ ಗುಂಡುಗಳು ಒಂದೇ ತೂತಿಗೆ ಹೋಗುವುದಿಲ್ಲ. ಮದ್ದು ಒಂದು ತೋಟೆಯಲ್ಲಿ ತುಸು ಬೇಗ, ಇನ್ನೊಂದರಲ್ಲಿ ತುಸು ನಿಧಾನ ಉರಿಯುತ್ತದೆ. ಬಿಸಿಲಲ್ಲಿ ಕಾದ ತೋಟೆಯ ವೇಗ ನೆರಳಿನದಕ್ಕಿಂತ ಬೇರೆ. ನಮ್ಮ .308 ಗುಂಡಿನ ವೇಗದಲ್ಲಿ 10 ಮೀಟರ್ ವ್ಯತ್ಯಾಸ ಆದರೆ ಸಾವಿರ ಗಜದಲ್ಲಿ ಸುಮಾರು ಒಂದು ಅಡಿ ಮೇಲೆ ಕೆಳಗೆ ಆಗುತ್ತದೆ. ಇನ್ನು ರೈಫಲ್‌ನ ಸ್ವಂತ ಹರವು. ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದೊಳಗೆ ಎಲ್ಲ ಗುಂಡು ಹಾಕುವ ರೈಫಲ್ ಒಳ್ಳೆಯ ರೈಫಲ್. 100 ಮೀಟರಿನಲ್ಲಿ ಅದು 3 ಸೆಂ.ಮೀ. ಅಗಲ. ಏಳು ಕಿ.ಮೀ.ಗೆ ಅದೇ ಕೋನ 2 ಮೀಟರ್. ಇದರ ಅರ್ಧದೊಳಗೆ ಹೊಡೆಯುವ ಅಪರೂಪದ ರೈಫಲ್ ತಂದರೂ, ಗಾಳಿ ಸತ್ತ ದಿನವೂ, ಒಂದು ಮೀಟರ್ ಅಗಲದಲ್ಲಿ ಎಲ್ಲಿ ಬೇಕಾದರೂ ಬೀಳಬಹುದು.

ಹಾಗಾಗಿ 69ನೆಯ ಈಡಿಗೆ ತಾಗಿತು ಎಂಬುದನ್ನು ನಾನು ಅವರ ದೌರ್ಬಲ್ಯ ಎಂದು ಹೇಳುತ್ತಿಲ್ಲ. ಗುಂಡುಗಳನ್ನು ಆ ಗುರಿಯ ಸುತ್ತ ಒಂದು ಸಣ್ಣ ಜಾಗದಲ್ಲಿ ಬೀಳಿಸುವುದೇ ದೊಡ್ಡ ಕೌಶಲ. ಅದರೊಳಗೆ ಗುರಿಗೇ ತಾಗುವುದು ಸಂಭವನೀಯತೆಯ ವಿಷಯ. ಪ್ರತಿ ಗುಂಡು ಎಲ್ಲಿ ಬಿತ್ತು ಎಂದು ನೋಡಿ ಮುಂದಿನದನ್ನು ತಿದ್ದುತ್ತಾ ಹೋಗುತ್ತಾರೆ, ಹೆಚ್ಚು ಹೊಡೆದಷ್ಟೂ ಸಿಗುವ ಅವಕಾಶ ಹೆಚ್ಚು. ಯುದ್ಧದ ದಾಖಲೆಗಳಲ್ಲೂ, 2017ರಲ್ಲಿ ಇರಾಕಿನಲ್ಲಿ ಕೆನಡಾದ ಸೈನಿಕನ 3,540 ಮೀಟರ್ ಎಂಬಂಥ ಸುದ್ದಿಗಳಲ್ಲೂ, ನಾನು ಮೊದಲು ಹುಡುಕುವುದು ಎಷ್ಟನೆಯ ಈಡು ಎಂದು. ಸಾಮಾನ್ಯವಾಗಿ ಅದನ್ನೇ ಬರೆದಿರುವುದಿಲ್ಲ. ದೂರದ ಸಂಖ್ಯೆ ಒಂದನ್ನೇ ಕೊಟ್ಟರೆ ಅದು ಅರ್ಧ ಸುದ್ದಿ.

ಅಳಿಯನಿಗೆ ಒಂದು ಲೆಕ್ಕ ಕೊಡಿ. ನಮ್ಮ .308 ಗುಂಡು 914 ಮೀಟರ್ ಹೋಗಲು ಸುಮಾರು 1.6 ಸೆಕೆಂಡ್ ತೆಗೆದುಕೊಳ್ಳುತ್ತದೆ. ಹೊರಟ ವೇಗ 790. ಸಂಜೆಯ ಕಡಲಗಾಳಿ ಸೆಕೆಂಡಿಗೆ 4 ಮೀಟರ್, ಪೂರ್ತಿ ಅಡ್ಡ. ಗುಂಡು ಎಷ್ಟು ಸರಿಯುತ್ತದೆ? 1.75 ಮೀಟರ್ ಹತ್ತಿರ ಬಂದರೆ ಲೆಕ್ಕ ಸರಿ. ಆಮೇಲೆ ಅದರ ಪಕ್ಕದಲ್ಲಿ ಕೋರಿಯೋಲಿಸ್‌ನ ಎರಡೂವರೆ ಸೆಂಟಿಮೀಟರ್ ಬರೆಯಲು ಹೇಳಿ.